‘ನೆನೆ’ ಎಂದರೆ ಒದ್ದೆಯಾಗು, ‘ನೆನೆ’ ಎಂದರೆ ಸ್ಮರಿಸು: ಎರಡೂ ಒಂದೇ ಧಾತುವೇ?

ಕರಡು ತಿದ್ದುವವ

ಪದಗಳ ಮೂಲ ಬಲ್ಲವರಲ್ಲಿ ಒಂದು ವಿಚಾರಣೆ. ನೀರಿನಲ್ಲಿಟ್ಟು ಮೆತ್ತಗಾಗಿಸುವುದಕ್ಕೆ ನಾವು ‘ನೆನೆಸು’ ಎನ್ನುತ್ತೇವೆ. ಕಾಳು ನೆನೆಸು, ಅಕ್ಕಿ ನೆನೆಹಾಕು, ಬಟ್ಟೆ ನೆನೆಯಿಡು. ಜ್ಞಾಪಿಸಿಕೊಳ್ಳುವುದಕ್ಕೂ ಇದೇ ‘ನೆನೆಸು’. ನಾನು ತಿದ್ದುತ್ತಿರುವ ಪುಸ್ತಕವೊಂದರ ಲೇಖಕರು, ಮನಸ್ಸು ಹಿಂದಿನ ದಿನಗಳಲ್ಲಿ ಅದ್ದಿ ಮೆತ್ತಗಾಗುವುದೇ ನೆನಪು, ಅದಕ್ಕೇ ಹಿರಿಯರು ಎರಡಕ್ಕೂ ಒಂದೇ ಪದ ಇಟ್ಟರು ಎಂದು ಬರೆದಿದ್ದಾರೆ. ಓದಲು ಸೊಗಸಾಗಿದೆ. ಆದರೆ ಸೊಗಸಾದ ವ್ಯುತ್ಪತ್ತಿಗಳನ್ನು ಕಂಡರೆ ನನಗೆ ಅನುಮಾನ.

ಇನ್ನೊಂದು ಸಣ್ಣ ಪ್ರಶ್ನೆ. ಅದೇ ಪುಸ್ತಕದಲ್ಲಿ ‘ನೆನೆದು’ ಮತ್ತು ‘ನೆಂದು’ ಎರಡೂ ಬಂದಿವೆ. ಒಂದೇ ರೂಪಕ್ಕೆ ತರಬೇಕೆ?

ಸಂಜೆಮಳೆ

ಲೇಖಕರು ಬರೆದದ್ದು ಸರಿಯಾಗಿಯೇ ಇದೆ. ಒಣಗಿದ್ದು ನೀರು ಕುಡಿದು ಮತ್ತೆ ಜೀವ ತಳೆಯುವುದು ನೆನೆಯುವಿಕೆ. ಮರೆತದ್ದು ಮತ್ತೆ ಜೀವ ತಳೆಯುವುದು ನೆನಪು. ಭಾಷೆಯನ್ನು ಕಟ್ಟಿದವರು ಕವಿಗಳೇ ಆಗಿದ್ದರು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಎಲ್ಲದಕ್ಕೂ ನಿಘಂಟು ಹಿಡಿದು ಕೂರುವ ಅಗತ್ಯವಿಲ್ಲ.

ಹಳಗನ್ನಡದ ಮೇಷ್ಟ್ರು

ಸಂಜೆಮಳೆಯವರೇ, ನಿಘಂಟು ಹಿಡಿದೇ ಕೂರೋಣ, ಇಲ್ಲಿ ಅದರ ಅಗತ್ಯವಿದೆ. ಇವು ಎರಡು ಬೇರೆ ಬೇರೆ ಧಾತುಗಳು.

ಒದ್ದೆಯಾಗು ಎಂಬ ಅರ್ಥದ ಕ್ರಿಯಾಪದದ ಹಳೆಯ ರೂಪ ‘ನನೆ’. ಮೊದಲ ಅಕ್ಷರದಲ್ಲಿ ಅಕಾರ ಇರುವುದನ್ನು ಗಮನಿಸಿ. ತಮಿಳಿನಲ್ಲಿ ಅದು ‘ನನೈ’, ಮಲಯಾಳದಲ್ಲಿ ‘ನನಯುಕ’. ತೆಲುಗಿನಲ್ಲಿ ಸ್ವರ ದೀರ್ಘವಾಗಿ ‘ನಾನು’. ಅವರು ಕಾಳನ್ನು ‘ನಾನಬೆಟ್ಟು’ತ್ತಾರೆ. ಹಳಗನ್ನಡದಲ್ಲಿಯೂ ‘ನಾನ್’ ಎಂಬ ದೀರ್ಘ ರೂಪವಿತ್ತು, ಭೂತಕಾಲದಲ್ಲಿ ‘ನಾಂದು’. ಅಂದರೆ ತೇವದ ಈ ಪದ ನಾಲ್ಕೂ ಭಾಷೆಗಳಲ್ಲಿ ಅ ಅಥವಾ ಆ ಸ್ವರವನ್ನೇ ಹಿಡಿದುಕೊಂಡಿದೆ.

ಸ್ಮರಿಸು ಎಂಬ ಅರ್ಥದ್ದು ಬೇರೆ. ತಮಿಳಿನಲ್ಲಿ ‘ನಿನೈ’, ಮಲಯಾಳದಲ್ಲಿ ‘ನಿನಯ್ಕ್ಕುಕ’. ಮುಂದಿನ ಅಕ್ಷರದಲ್ಲಿ ಅ ಅಥವಾ ಐ ಇದ್ದರೆ ತಮಿಳಿನ ಇಕಾರಕ್ಕೆ ಕನ್ನಡದಲ್ಲಿ ಎಕಾರ ಬರುವುದು ಕಟ್ಟುನಿಟ್ಟಿನ ನಿಯಮ. ಇಲೈ–ಎಲೆ, ವಿಲೈ–ಬೆಲೆ, ನಿಲಂ–ನೆಲ, ವಿರಲ್–ಬೆರಳು. ಅದೇ ದಾರಿಯಲ್ಲಿ ನಿನೈ–ನೆನೆ. ಇದು ಕನ್ನಡದಲ್ಲಿ ಬಹಳ ಹಿಂದೆಯೇ ನೆಲೆಗೊಂಡ ರೂಪ. ಕ್ರಿ.ಶ. 941ರ ಪಂಪಭಾರತದಲ್ಲಿ ‘ಆರಂಕುಸವಿಟ್ಟೊಡಂ ನೆನೆವುದೆನ್ನ ಮನಂ ಬನವಾಸಿದೇಶಮಂ’ ಎಂದಿರುವುದು ಎಲ್ಲರಿಗೂ ಬಾಯಿಪಾಠ.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚು ಮಾಡಿದ ಕಿಟ್ಟೆಲ್ ನಿಘಂಟಿನಲ್ಲಿ ಇವು ಬೇರೆ ಬೇರೆ ನಮೂದುಗಳು. ಒಂದೇ ಮೂಲದ ಪದಗಳನ್ನು ಗುಂಪುಗೂಡಿಸುವ, ಬರೋ ಮತ್ತು ಎಮಿನೋ ಅವರ ದ್ರಾವಿಡ ಜ್ಞಾತಿಪದ ನಿಘಂಟೂ (1961, ಎರಡನೆಯ ಆವೃತ್ತಿ 1984) ಇವನ್ನು ಬೇರೆ ಬೇರೆ ಗುಂಪಿಗೆ ಸೇರಿಸುತ್ತದೆ. ‘ನನೆ’ ಕಾಲಕ್ರಮದಲ್ಲಿ ‘ನೆನೆ’ಯಾಯಿತು, ಆಗಲೇ ಅಲ್ಲಿ ಕೂತಿದ್ದ ಇನ್ನೊಂದು ‘ನೆನೆ’ಯ ಪಕ್ಕದಲ್ಲಿ ಬಂದು ಕೂತಿತು. ಆದದ್ದು ಇಷ್ಟೆ.

ಗಣಕಯಂತ್ರಿ

ಮೇಷ್ಟ್ರೇ, ಒಂದು ತಕರಾರು. ನನೈ ‘ನನೆ’ಯಾಗಿ ನಿಲ್ಲಬೇಕಿತ್ತಲ್ಲವೇ? ತಲೈ ‘ತಲೆ’ಯಾಗಿ ನಿಂತಿದೆ, ಮಲೈ ‘ಮಲೆ’ಯಾಗಿ ನಿಂತಿದೆ. ‘ತೆಲೆ’, ‘ಮೆಲೆ’ ಆಗಲಿಲ್ಲ. ಇಲ್ಲಿ ಮಾತ್ರ ಅಕಾರ ಎಕಾರವಾಯಿತು ಎಂದರೆ ಬೇಕಾದಾಗ ನಿಯಮ, ಬೇಡವಾದಾಗ ವಿನಾಯಿತಿ ಎಂದಂತಾಗುತ್ತದೆ.

ಹಳಗನ್ನಡದ ಮೇಷ್ಟ್ರು

ಒಳ್ಳೆಯ ತಕರಾರು. ‘ತೆಲೆ’ ಎನ್ನುವವರನ್ನು ನೀವು ಕೇಳಿಲ್ಲವೆಂದರೆ ಹಳ್ಳಿಯ ಕಡೆ ಹೆಚ್ಚು ಓಡಾಡಿಲ್ಲ ಎಂದಾಯಿತು. ಮುಂದಿನ ಎಕಾರ ಹಿಂದಿನ ಅಕಾರವನ್ನು ತನ್ನ ಕಡೆಗೆ ಎಳೆದುಕೊಳ್ಳುವುದು ಕನ್ನಡದ ಹಳೆಯ ಚಾಳಿ. ಗಡ್ಡೆ–ಗೆಡ್ಡೆ ಎರಡೂ ಇಂದಿಗೂ ಬರವಣಿಗೆಯಲ್ಲಿಯೇ ಇವೆ. ತೆಲುಗಿನ ಗಜ್ಜೆ ನಮ್ಮಲ್ಲಿ ಗೆಜ್ಜೆ. ಇ–ಎ ಬದಲಾವಣೆ ನಿಯಮ, ಇದು ಚಾಳಿ. ನಿಯಮಕ್ಕೆ ಎಲ್ಲ ಪದಗಳೂ ತಲೆಬಾಗುತ್ತವೆ, ಚಾಳಿಗೆ ಕೆಲವು ಮಾತ್ರ. ‘ನನೆ’ ಆ ಕೆಲವರಲ್ಲಿ ಒಂದು. ನಿಮ್ಮ ಮಾತಿನಲ್ಲಿ ನ್ಯಾಯವಿದೆ: ಎಕಾರವಾಗಲೇಬೇಕೆಂಬ ಒತ್ತಡ ಅದಕ್ಕಿರಲಿಲ್ಲ.

ಎರಡು ಮನೆಮಾತಿನವಳು

ನನ್ನದು ತಮಿಳು ಮನೆಮಾತು, ಓದಿದ್ದು ಕನ್ನಡ ಶಾಲೆಯಲ್ಲಿ. ಚಿಕ್ಕಂದಿನಲ್ಲಿ ಕನ್ನಡದ ‘ನೆನೆಸು’ ನನಗೆ ವಿಚಿತ್ರವಾಗಿ ಕಾಣುತ್ತಿತ್ತು, ಏಕೆಂದರೆ ನಮ್ಮಲ್ಲಿ ನನೈ ಬೇರೆ, ನಿನೈ ಬೇರೆ. ಗಲಿಬಿಲಿಯ ಪ್ರಶ್ನೆಯೇ ಇಲ್ಲ.

ಇನ್ನೊಂದು ವ್ಯತ್ಯಾಸವೂ ಇದೆ. ತಾನಾಗಿ ಒದ್ದೆಯಾದರೆ ‘ನನೈಂದದು’, ಯಾರಾದರೂ ಒದ್ದೆ ಮಾಡಿದರೆ ‘ನನೈತ್ತಾರ್’. ಧಾತು ಅದೇ, ಭೂತಕಾಲದ ಪ್ರತ್ಯಯ ಬದಲಾಗುತ್ತದೆ, ಅಷ್ಟರಿಂದಲೇ ಕೆಲಸ ಮಾಡಿದವರು ಯಾರು ಎಂದು ತಿಳಿಯುತ್ತದೆ. ಕನ್ನಡದಲ್ಲಿ ಈ ಏರ್ಪಾಡು ಇಲ್ಲ. ಬಟ್ಟೆ ತಾನಾಗಿ ನೆನೆಯುತ್ತದೆ. ನಾವು ಮಾಡಿದರೆ ‘ಸು’ ಹಚ್ಚಿ ‘ನೆನೆಸು’ ಎನ್ನಬೇಕು, ಇಲ್ಲವೇ ‘ಹಾಕು’, ‘ಇಡು’ ಸೇರಿಸಿ ನೆನೆಹಾಕು, ನೆನೆಯಿಡು ಎನ್ನಬೇಕು.

ಗಣಕಯಂತ್ರಿ

ಸರಿ, ಒಪ್ಪಬಹುದಾದ ಸಾಕ್ಷ್ಯ. ತಮಿಳಿನಲ್ಲಿ ಇಂದಿಗೂ ಎರಡು ಸ್ವರ ಉಳಿದಿರುವಾಗ ಕನ್ನಡದಲ್ಲಿ ಮಾತ್ರ ಒಂದೇ ಮೂಲ ಎನ್ನುವುದು ಕಷ್ಟ.

ಕಷಾಯ

ನಾನು ಆಯುರ್ವೇದ ಓದಿದವನು. ಸಂಜೆಮಳೆಯವರ ಪರವಾಗಿ ಒಂದು ಸಾಕ್ಷಿ ಹೇಳುತ್ತೇನೆ.

ನಮ್ಮ ಔಷಧ ತಯಾರಿಯಲ್ಲಿ ‘ಭಾವನೆ’ ಎಂಬ ಕ್ರಿಯೆಯಿದೆ. ಚೂರ್ಣಕ್ಕೆ ಯಾವುದಾದರೂ ಸೊಪ್ಪಿನ ರಸವನ್ನೋ ಕಷಾಯವನ್ನೋ ಹೊಯ್ದು, ಪೂರ್ತಿ ತೋಯುವಂತೆ ಮಾಡಿ, ಕಲ್ವದಲ್ಲಿ, ಅಂದರೆ ಔಷಧ ಅರೆಯುವ ಕಲ್ಲಿನಲ್ಲಿ, ಅರೆದು ಒಣಗಿಸುವುದು. ಒಣಗಿದ ಮೇಲೆ ಮತ್ತೆ ರಸ ಹೊಯ್ದು ಮತ್ತೆ ಅರೆಯುವುದು. ಇಂಥ ಒಂದು ಸುತ್ತಿಗೆ ಒಂದು ಭಾವನೆ ಎಂದು ಲೆಕ್ಕ. ಚೂರ್ಣ ನೋಡಲು ಮೊದಲಿನಂತೆಯೇ ಇರುತ್ತದೆ, ಬಣ್ಣ ಸ್ವಲ್ಪ ಗಾಢವಾಗಿರಬಹುದು, ಆದರೆ ರಸದ ಗುಣ ಅದರೊಳಗೆ ಇಳಿದಿರುತ್ತದೆ. ಇದೇ ‘ಭಾವನೆ’ ಮನಸ್ಸಿನ ಭಾವನೆಯೂ ಹೌದು, ಧ್ಯಾನವೂ ಹೌದು. ‘ವಾಸನೆ’ಯನ್ನೂ ನೋಡಿ. ಪರಿಮಳ ಹಿಡಿಸುವುದೂ ವಾಸನೆ, ಹಿಂದಿನ ಅನುಭವ ಮನಸ್ಸಿನಲ್ಲಿ ಉಳಿಸಿದ ಸಂಸ್ಕಾರವೂ ವಾಸನೆ. ಹೂವಿನ ಜೊತೆಗಿಟ್ಟ ಎಳ್ಳಿಗೆ ಹೂವಿನ ಗಂಧ ಹತ್ತುವ ಉಪಮೆ ಬೌದ್ಧರ ಗ್ರಂಥಗಳಲ್ಲಿಯೇ ಇದೆ. ನೆನೆಯುವುದಕ್ಕೂ ನೆನಪಿಗೂ ಸಂಬಂಧ ಕಲ್ಪಿಸುವುದು ಈ ನೆಲದ ಯೋಚನೆಗೆ ಹೊಸದೇನಲ್ಲ.

ಸಂಜೆಮಳೆ

ನೋಡಿದಿರಾ! ವೈದ್ಯರೇ, ನಿಮಗೆ ನೂರು ವರ್ಷ ಆಯಸ್ಸು.

ಹಳಗನ್ನಡದ ಮೇಷ್ಟ್ರು

ಕಷಾಯ ಅವರ ಉದಾಹರಣೆ ಸೊಗಸಾಗಿದೆ. ಅದನ್ನು ನಾನು ತರಗತಿಯಲ್ಲಿ ಖಂಡಿತ ಹೇಳುತ್ತೇನೆ. ಆದರೆ ಅದು ಸಾಬೀತು ಮಾಡುವುದು ಬೇರೆ ಸಂಗತಿಯನ್ನು. ‘ಭಾವನೆ’ಯಲ್ಲಿ ಭೂ ಧಾತುವಿನ ಪ್ರೇರಣಾರ್ಥಕ ರೂಪ ಒಂದೇ ಇದೆ, ‘ಇರುವಂತೆ ಮಾಡು, ಉಂಟುಮಾಡು’ ಎಂಬ ಅರ್ಥದಿಂದ ಒಂದು ಕವಲು ಮನಸ್ಸಿನ ಕಡೆಗೆ ಹೋಯಿತು, ಇನ್ನೊಂದು ಕಲ್ವದ ಕಡೆಗೆ. ‘ನೆನೆ’ಯಲ್ಲಿ ನಡೆದದ್ದು ಅದಕ್ಕೆ ತಿರುಗುಮುರುಗು. ಎರಡು ಧಾತುಗಳು ಬೇರೆ ಬೇರೆ ಕಡೆಯಿಂದ ಬಂದು ಒಂದೇ ಉಚ್ಚಾರಣೆಯಲ್ಲಿ ಕೂಡಿದವು. ಕವಲೊಡೆಯುವುದು ಬೇರೆ, ಕೂಡುವುದು ಬೇರೆ. ಹೀಗೆ ಆಗಬಹುದಿತ್ತು ಎನ್ನುವುದಕ್ಕೆ ಭಾವನೆ ಸಾಕ್ಷಿ. ಹೀಗೇ ಆಯಿತು ಎನ್ನುವುದಕ್ಕಲ್ಲ.

ಕನ್ನಡದಲ್ಲಿ ಇಂಥ ಕೂಟಗಳು ಬೇಕಾದಷ್ಟಿವೆ. ಹಳೆಯ ಱಕಾರ ಹೋದ ಮೇಲೆ ತಿಳಿಯುವ ‘ಅಱಿ’ಯೂ ಕತ್ತರಿಸುವ ‘ಅರಿ’ಯೂ ಒಂದೇ ಆದವು. ೞಕಾರ ಹೋದ ಮೇಲೆ ಬದುಕುವ ‘ಬಾೞ್’ ಮತ್ತು ಕತ್ತಿಯೆಂಬ ಅರ್ಥದ ‘ಬಾಳ್’ ಒಂದಾದವು. ಅರಿವೆನ್ನುವುದು ಅಜ್ಞಾನವನ್ನು ಅರಿದು ಹಾಕುತ್ತದೆ ಎಂದು ಭಾಷಣ ಮಾಡಬಹುದು, ಚಪ್ಪಾಳೆಯೂ ಬೀಳುತ್ತದೆ. ಅದು ಶ್ಲೇಷೆ, ಇತಿಹಾಸವಲ್ಲ.

ಸಂಜೆಮಳೆ

ನೀವು ಇತಿಹಾಸ ಇಟ್ಟುಕೊಳ್ಳಿ, ನಾನು ಶ್ಲೇಷೆ ಇಟ್ಟುಕೊಳ್ಳುತ್ತೇನೆ. ಸಾವಿರ ವರ್ಷ ಒಂದೇ ಮನೆಯಲ್ಲಿದ್ದ ಮೇಲೆ ಹುಟ್ಟಿನಿಂದ ನೆಂಟರಲ್ಲ ಎಂದರೆ ಯಾರು ಕೇಳುತ್ತಾರೆ?

ಒಲೆಯ ಮುಂದೆ

ಮೂಲದ ಜಗಳ ನಡೆಯಲಿ, ನನ್ನ ಪ್ರಶ್ನೆ ಅರ್ಥದ ಬಗ್ಗೆ. ‘ನೆನೆ’, ‘ತೊಯ್ಯು’, ‘ಅದ್ದು’ ಮೂರನ್ನೂ ನಿಘಂಟುಗಳು ಒದ್ದೆಯಾಗು, ಒದ್ದೆ ಮಾಡು ಎಂಬ ಒಂದೇ ಅರ್ಥದ ಸುತ್ತ ತಿರುಗಿಸಿ ಮುಗಿಸುತ್ತವೆ. ಅಡುಗೆ ಮಾಡುವವರು ಯಾರೂ ಹಾಗೆ ಬಳಸುವುದಿಲ್ಲ. ಅದ್ದುವುದು ಎಂದರೆ ಮುಳುಗಿಸಿ ತೆಗೆಯುವುದು. ತೊಯ್ಯುವುದು ಮೇಲಿನ ಒದ್ದೆ. ನೆನೆಯುವುದಕ್ಕೆ ಹೊತ್ತು ಬೇಕು, ನೀರು ಒಳಕ್ಕೆ ಹೋಗಬೇಕು, ಗಟ್ಟಿ ಇದ್ದದ್ದು ಮೆತ್ತಗಾಗಬೇಕು.

ಒಣ ಅವರೆಕಾಳನ್ನು ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿ. ಸಿಪ್ಪೆ ನೆರಿಗೆ ನೆರಿಗೆಯಾಗಿ ಸುಕ್ಕುಗಟ್ಟಿರುತ್ತದೆ. ನೀರಿನಲ್ಲಿದ್ದದ್ದು ಸುಕ್ಕಾಗುವುದೇನು ಎಂದು ಮೊದಲ ಸಲ ನೋಡಿದವರಿಗೆ ಆಶ್ಚರ್ಯವಾಗುತ್ತದೆ. ಸಿಪ್ಪೆ ಮೊದಲು ನೀರು ಕುಡಿದು ಹಿಗ್ಗುತ್ತದೆ, ಒಳಗಿನ ಬೇಳೆ ಇನ್ನೂ ಒಣಗಿಯೇ ಇರುತ್ತದೆ. ಹಿಗ್ಗಿದ ಸಿಪ್ಪೆಗೆ ಕಾಳು ಸಾಲದೆ ಅದು ಮಡಿಕೆ ಬೀಳುತ್ತದೆ. ಆ ಹಂತದಲ್ಲಿ ಕಾಳು ತೊಯ್ದಿದೆ, ನೆನೆದಿಲ್ಲ. ಮುಂದೆ ಕಾಳಿನ ಕಣ್ಣಿನ ಕಡೆಯಿಂದ ನೀರು ಒಳಗಿಳಿದು ಬೇಳೆಯೂ ಉಬ್ಬಿ, ಸುಕ್ಕೆಲ್ಲ ಬಿಟ್ಟು ಸಿಪ್ಪೆ ಬಿಗಿಯಾಗುತ್ತದೆ. ಆಗ ಹೆಬ್ಬೆರಳು ತೋರುಬೆರಳಿನ ನಡುವೆ ಹಿತಕಿದರೆ ಬೇಳೆ ಪುಳಕ್ಕನೆ ಹೊರಬರುತ್ತದೆ. ಆಗ ನೆನೆದಿದೆ ಎನ್ನುತ್ತೇವೆ. ಒಣ ಕಾಳು ಚೆನ್ನಾಗಿ ನೆನೆದರೆ ತೂಕ ಹೆಚ್ಚುಕಡಿಮೆ ಎರಡರಷ್ಟಾಗುತ್ತದೆ. ತೊಯ್ದ ಮಾತ್ರಕ್ಕೆ ಯಾವುದೂ ಎರಡರಷ್ಟು ತೂಗುವುದಿಲ್ಲ.

ಗಣಕಯಂತ್ರಿ

‘ಮಳೆಯಲ್ಲಿ ನೆನೆದೆ’ ಎನ್ನುತ್ತೇವಲ್ಲ ಮೇಡಂ? ಮನುಷ್ಯ ಮೆತ್ತಗಾಗುವುದಿಲ್ಲ, ತೂಕವೂ ಹೆಚ್ಚುವುದಿಲ್ಲ.

ಒಲೆಯ ಮುಂದೆ

ಬಟ್ಟೆ ನೆನೆಯುತ್ತದೆ, ತೂಕವೂ ಹೆಚ್ಚುತ್ತದೆ. ಸೀರೆ ಉಟ್ಟು ಮಳೆಯಲ್ಲಿ ನಡೆದು ನೋಡಿ.

ಆದರೂ ನೀವು ಹೇಳುವುದರಲ್ಲಿ ಸ್ವಲ್ಪ ನಿಜವಿದೆ. ಮಳೆಯ ವಿಷಯಕ್ಕೆ ಬಂದಾಗ ‘ತೊಯ್ದು ತೊಪ್ಪೆಯಾದೆ’, ‘ನೆನೆದು ತೊಪ್ಪೆಯಾದೆ’ ಎರಡೂ ನಡೆಯುತ್ತವೆ. ಅಲ್ಲಿ ಗಡಿ ಅಳಿಸಿದೆ. ಆದರೆ ನಾಲ್ಕು ಹನಿ ಬಿದ್ದು ತಲೆ ಒದ್ದೆಯಾದರೆ ಯಾರೂ ನೆನೆದೆ ಎನ್ನುವುದಿಲ್ಲ. ಒಳಬಟ್ಟೆಯವರೆಗೆ ನೀರು ಇಳಿದಿರಬೇಕು. ಕಾಳಿಗೆ ಬೇಕಾದ ಷರತ್ತು ಮನುಷ್ಯನಿಗೂ ಇದೆ.

ಕಷಾಯ

ಹೊತ್ತು ಬೇಕು ಎಂಬ ಮಾತಿಗೆ ನನ್ನದೊಂದು ಅನುಮೋದನೆ. ನಮ್ಮ ಐದು ಕಷಾಯ ಕಲ್ಪನೆಗಳು, ಅಂದರೆ ಔಷಧ ತಯಾರಿಸುವ ಬಗೆಗಳು, ಸ್ವರಸ, ಕಲ್ಕ, ಕ್ವಾಥ, ಹಿಮ, ಫಾಂಟ. ಇವುಗಳಲ್ಲಿ ‘ಹಿಮ’ ಅಂದರೆ ಶುದ್ಧಾಂಗ ನೆನೆಸುವಿಕೆ. ಜಜ್ಜಿದ ಒಂದು ಪಾಲು ದ್ರವ್ಯವನ್ನು ಆರು ಪಾಲು ತಣ್ಣೀರಿನಲ್ಲಿ ರಾತ್ರಿಯಿಡೀ ಇಟ್ಟು ಬೆಳಿಗ್ಗೆ ಸೋಸುವುದು ಆಯುರ್ವೇದ ಗ್ರಂಥಕಾರ ಶಾರ್ಙ್ಗಧರನ ವಿಧಿ. ಬಿಸಿನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟು ಸೋಸಿದರೆ ಫಾಂಟ, ಕುದಿಸಿದರೆ ಕ್ವಾಥ. ಚಹಾ ಪುಡಿಗೆ ಬಿಸಿನೀರು ಹೊಯ್ಯುವುದು ಫಾಂಟ. ಅದನ್ನು ಒಲೆಯ ಮೇಲೆ ಕುದಿಸಿದರೆ ಕ್ವಾಥವಾಯಿತು. ಹಿಮದಲ್ಲಿ ಬೆಂಕಿಯ ಕೆಲಸವನ್ನು ಹೊತ್ತು ಮಾಡುತ್ತದೆ.

ಮಟ್ಟೆನಾರು

‘ಕೊಳೆಸು’ ಎಲ್ಲಿ ಬರುತ್ತದೆ? ತೆಂಗಿನ ಮಟ್ಟೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಮುಳುಗಿಸಿಡುತ್ತಾರೆ. ಅದೂ ನೀರಿನಲ್ಲಿಟ್ಟು ಮೆತ್ತಗಾಗಿಸುವುದೇ. ಆದರೆ ಯಾರೂ ಮಟ್ಟೆ ನೆನೆಸಿದೆವು ಎಂದು ನಿಲ್ಲಿಸುವುದಿಲ್ಲ, ಕೊಳೆಹಾಕಿದೆವು ಎನ್ನುತ್ತಾರೆ.

ಒಲೆಯ ಮುಂದೆ

ಮಟ್ಟೆಯಲ್ಲಿ ಕೆಲಸ ಮಾಡುವುದು ನೀರೊಂದೇ ಅಲ್ಲ. ನಾರುಗಳನ್ನು ಅಂಟಿಸಿಕೊಂಡಿರುವ ಪೆಕ್ಟಿನ್ ಮೊದಲಾದುವನ್ನು ನೀರಿನಲ್ಲಿ ಬೆಳೆಯುವ ಸೂಕ್ಷ್ಮಜೀವಿಗಳು ತಿಂದು ಹಾಕುತ್ತವೆ, ಆಗ ನಾರು ಬಿಡಿಸಿಕೊಳ್ಳುತ್ತದೆ. ಸೆಣಬು, ಅಗಸೆನಾರಿಗೂ ಅದೇ ವಿಧಾನ. ನೀರಿನ ಕೆಲಸ ಮಾತ್ರವಿದ್ದರೆ ನೆನೆಯುವುದು, ಜೀವಿಗಳು ಕೈಹಾಕಿದರೆ ಕೊಳೆಯುವುದು ಅಥವಾ ಹುಳಿಯುವುದು. ನೆನೆಹಾಕಿದ ಕಾಳನ್ನು ಮರೆತು ಮರುದಿನ ಸಂಜೆ ಮುಚ್ಚಳ ತೆಗೆದವರಿಗೆ ಈ ಗಡಿ ಎಲ್ಲಿದೆ ಎಂದು ಮೂಗೇ ಹೇಳುತ್ತದೆ.

ಕರಡು ತಿದ್ದುವವ

ಚರ್ಚೆ ಚೆನ್ನಾಗಿ ನಡೆದಿದೆ, ಆದರೆ ನನ್ನ ‘ನೆಂದು’ ಹಾಗೆಯೇ ನೆನೆಗುದಿಗೆ ಬಿದ್ದಿದೆ.

ಹಳಗನ್ನಡದ ಮೇಷ್ಟ್ರು

ಮರೆತಿರಲಿಲ್ಲ. ಎರಡು ಧಾತುಗಳು ಬೇರೆ ಎನ್ನುವುದಕ್ಕೆ ಇಂದಿನ ಕನ್ನಡದಲ್ಲಿಯೇ ಸಿಗುವ ಸಾಕ್ಷಿ ನಿಮ್ಮ ‘ನೆಂದು’.

‘ಮಳೆಯಲ್ಲಿ ನೆಂದು ಬಂದ’ ಎನ್ನುತ್ತೇವೆ. ‘ದೇವರನ್ನು ನೆಂದು ಮಲಗಿದ’ ಎಂದು ಯಾರಾದರೂ ಅನ್ನುವುದನ್ನು ಕೇಳಿದ್ದೀರಾ? ಅಲ್ಲಿ ‘ನೆನೆದು’ ಎಂದೇ ಆಗಬೇಕು. ನೆಂದ ಬಟ್ಟೆ ಇರುತ್ತದೆ, ನೆಂದ ಗೆಳೆಯ ಎಂದರೆ ಅವನು ಮಳೆಗೆ ಸಿಕ್ಕಿದವನೇ ಹೊರತು ನಿಮ್ಮ ಮನಸ್ಸಿಗೆ ಬಂದವನಲ್ಲ. ‘ನೆನೆದವರ ಮನದಲ್ಲಿ’ ಎಂಬ ಮಾತನ್ನು ‘ನೆಂದವರ ಮನದಲ್ಲಿ’ ಮಾಡಿ ನೋಡಿ, ಕೊಡೆ ಹುಡುಕಬೇಕಾಗುತ್ತದೆ. ಮಧ್ಯದ ಎಕಾರವನ್ನು ನುಂಗುವುದು ತೇವದ ಧಾತು ಮಾತ್ರ. ಬೆಂದು, ಮಿಂದು, ನೊಂದು ಎಂಬ ರೂಪಗಳ ಸಾಲಿಗೆ ಅದು ಹೋಗಿ ನಿಂತಿದೆ. ಹಳೆಯ ‘ನಾಂದು’ವಿನ ನೆರಳೂ ಅಲ್ಲಿರಬಹುದು.

ವಿಭಕ್ತಿಯೂ ಬೇರೆ. ಸ್ಮರಿಸುವ ‘ನೆನೆ’ ಸಕರ್ಮಕ: ಬನವಾಸಿದೇಶಮಂ ನೆನೆವುದು. ತೇವದ ‘ನೆನೆ’ ಅಕರ್ಮಕ: ಮಳೆಯಲ್ಲಿ ನೆನೆಯುವುದು. ನಾಮಪದಗಳನ್ನು ನೋಡಿ. ನೆನಪು, ವಚನಗಳ ‘ನೆನಹು’, ನೆನವರಿಕೆ, ಎಲ್ಲವೂ ಮನಸ್ಸಿನ ಪಾಲಿಗೆ ಹೋಗಿವೆ. ನೀರಿನ ಪಾಲಿಗೆ ಒಂದೂ ಇಲ್ಲ. ಅಲ್ಲಿ ಒದ್ದೆ, ತೇವ, ಹಸಿ ಎಂದು ಬೇರೆಯವರನ್ನು ಕರೆಯಬೇಕು. ಒಂದೇ ಧಾತುವಾಗಿದ್ದರೆ ಆಸ್ತಿ ಹೀಗೆ ಪಾಲಾಗುತ್ತಿರಲಿಲ್ಲ.

ಆದ್ದರಿಂದ ನೀರಿನ ಅರ್ಥದಲ್ಲಿ ‘ನೆನೆದು’, ‘ನೆಂದು’ ಎರಡನ್ನೂ ಬಿಡಿ. ಲೇಖಕರು ಎಲ್ಲಿ ಯಾವುದನ್ನು ಬರೆದಿದ್ದಾರೋ ಅದು ಅವರ ಲಯ. ನೆನಪಿನ ಅರ್ಥದಲ್ಲಿ ‘ನೆಂದು’ ಬಂದಿದ್ದರೆ ಮಾತ್ರ ತಿದ್ದಿ.

ಗಣಕಯಂತ್ರಿ

‘ನೆನೆಸಿಕೊಂಡು’ ಎಂಬಲ್ಲಿ ಮಾತ್ರ ಯಾವ ಪರೀಕ್ಷೆಯೂ ನಡೆಯುವುದಿಲ್ಲ. ‘ಹುಡುಗ ಪುಸ್ತಕವನ್ನು ನೆನೆಸಿಕೊಂಡು ಬಂದ’ ಎಂದರೆ ಪುಸ್ತಕ ಒದ್ದೆಯಾಯಿತೋ, ನೆನಪಾಯಿತೋ?

ಎರಡು ಮನೆಮಾತಿನವಳು

ಅಮ್ಮ ಬೈದರೆ ಒದ್ದೆಯಾಗಿದೆ ಎಂದರ್ಥ.

ಕರಡು ತಿದ್ದುವವ

ಧನ್ಯವಾದ ಮೇಷ್ಟ್ರೇ. ನಾನು ಬಳಸಿದ ‘ನೆನೆಗುದಿ’ಯನ್ನೇ ಹಿಡಿದು ಕೇಳುತ್ತೇನೆ. ನೆನೆಸಿ ಕುದಿಸುವುದು ತಡವಾಗುವ ಕೆಲಸ, ಅದಕ್ಕೇ ತಡವಾದದ್ದು ನೆನೆಗುದಿಗೆ ಬಿತ್ತು ಎಂದು ನಮ್ಮ ಕಚೇರಿಯಲ್ಲಿ ಒಬ್ಬರು ವಿವರಿಸಿದ್ದರು.

ಹಳಗನ್ನಡದ ಮೇಷ್ಟ್ರು

ಅಡುಗೆಮನೆಗೂ ಅದಕ್ಕೂ ಸಂಬಂಧವಿಲ್ಲ. ನೆನೆ + ಕುದಿ, ಆದೇಶ ಸಂಧಿಯಿಂದ ಕಕಾರ ಗಕಾರವಾಗಿ ‘ನೆನೆಗುದಿ’. ಇಲ್ಲಿನ ‘ನೆನೆ’ ಮನಸ್ಸಿನದು: ನೆನೆನೆನೆದು ಕುದಿಯುವುದು, ಅಂದರೆ ಚಿಂತೆ, ತಳಮಳ. ಹಳೆಯ ಬಳಕೆಯಲ್ಲಿ ಅದೇ ಅರ್ಥ. ತೀರ್ಮಾನವಾಗದ ವಿಷಯ ಮನಸ್ಸಿನಲ್ಲಿ ಕುದಿಯುತ್ತಿರುತ್ತದೆ. ಅಲ್ಲಿಂದ ಪತ್ರಿಕೆಗಳು ಅದನ್ನು ಕಾಮಗಾರಿಗಳಿಗೂ ಕಡತಗಳಿಗೂ ಹಚ್ಚಿದವು. ಈಗ ಕುದಿಯುವವರು ಯಾರೂ ಇಲ್ಲದಿದ್ದರೂ ಸೇತುವೆ ನೆನೆಗುದಿಗೆ ಬೀಳುತ್ತದೆ.

ಸಂಜೆಮಳೆ

‘ನನೆಕೊನೆವೋಗು’ ಎಂಬುದರ ‘ನನೆ’ ನೀರಿನದೇ ತಾನೇ? ನೆನೆದ ಕಾಳು ಮೊಳಕೆಯೊಡೆಯುತ್ತದಲ್ಲ.

ಹಳಗನ್ನಡದ ಮೇಷ್ಟ್ರು

ಬಿಡುವುದಿಲ್ಲ ನೀವು! ಅಲ್ಲಿ ‘ನನೆ’ ಎಂದರೆ ಮೊಗ್ಗು, ‘ಕೊನೆ’ ಎಂದರೆ ಚಿಗುರಿನ ತುದಿ. ಮೊಗ್ಗಾಗಿ ಚಿಗುರಾಗಿ ಬೆಳೆಯುವುದು ನನೆಕೊನೆವೋಗುವುದು. ತಮಿಳಿನಲ್ಲಿಯೂ ಮೊಗ್ಗಿಗೆ ‘ನನೈ’ ಎಂಬ ಪದವಿದೆ.

ಒಲೆಯ ಮುಂದೆ

ಕೊನೆಯದಾಗಿ ಎರಡು ಮನೆಮಾತಿನವರಿಗೆ ಒಂದು ಪ್ರಶ್ನೆ. ಉಪ್ಪಿನಕಾಯಿಗೆ ನೀವು ‘ಊರುಗಾಯ್’ ಎನ್ನುತ್ತೀರಿ. ನೆನೆಸಿದ ಕಾಯಿ ಎಂದೇ ಅರ್ಥವೇ?

ಎರಡು ಮನೆಮಾತಿನವಳು

ಹೌದು ಅಕ್ಕ, ‘ಊಱು’ ಎಂದರೆ ನಮ್ಮಲ್ಲಿ ಜಿನುಗುವುದೂ ಹೌದು, ನೆನೆಯುವುದೂ ಹೌದು. ಅಕ್ಕಿಯನ್ನು ‘ಊಱ ವೈ’ ಎಂದರೆ ನೆನೆಯಿಡು ಎಂದು. ಮಳೆಯಲ್ಲಿ ಒದ್ದೆಯಾಗುವುದಕ್ಕೆ ‘ನನೈ’, ಪಾತ್ರೆಯಲ್ಲಿ ಹೊತ್ತು ಹಿಡಿಸಿ ಇಡುವುದಕ್ಕೆ ‘ಊಱು’. ಕನ್ನಡದ ‘ನೆನೆ’ ಎರಡೂ ಕೆಲಸವನ್ನು ಒಂದೇ ಹೆಗಲ ಮೇಲೆ ಹೊತ್ತಿದೆ. ನಿಮ್ಮಲ್ಲಿ ‘ಬಾಯಲ್ಲಿ ನೀರೂರುವುದು’ ಎಂಬಲ್ಲಿ ಇರುವುದು ಅದೇ ಊಱು, ಅಲ್ಲಿ ಜಿನುಗುವ ಅರ್ಥ ಮಾತ್ರ ಉಳಿದಿದೆ.

ಒಲೆಯ ಮುಂದೆ

ಪೂರ್ತಿ ಹೋಗಿಲ್ಲ. ‘ಉಪ್ಪಿನಲ್ಲಿ ಊರಿದ ಮಾವಿನಕಾಯಿ’, ‘ಪಾಕದಲ್ಲಿ ಊರಿದ ನೆಲ್ಲಿಕಾಯಿ’ ಎಂದು ನಾವು ಈಗಲೂ ಅನ್ನುತ್ತೇವೆ. ಬರಿಯ ನೀರಾದರೆ ನೆನೆಯುತ್ತದೆ, ಉಪ್ಪೋ ಬೆಲ್ಲವೋ ಒಳಗಿಳಿಯಬೇಕಾದರೆ ಊರುತ್ತದೆ.